ಶಾಸ್ತ್ರದಾನವೋ, ಶಾಸ್ತ್ರಬಂಧನವೋ?

ಪ್ರತಿವರ್ಷ ಜ್ಯೇಷ್ಠ ಶುಕ್ಲ ಪಂಚಮಿಯಂದು ನಾಡಿನ ಬಸದಿಗಳಲ್ಲಿ ಶ್ರುತಪಂಚಮಿಯ ಆಚರಣೆ ನಡೆಯುತ್ತದೆ. ಧರಸೇನಾಚಾರ್ಯರಲ್ಲಿ ಉಳಿದಿದ್ದ ಶ್ರುತವು ಪುಷ್ಪದಂತ ಮತ್ತು ಭೂತಬಲಿ ಆಚಾರ್ಯರ ಮೂಲಕ ಷಟ್ಖಂಡಾಗಮವೆಂಬ ಗ್ರಂಥರೂಪವನ್ನು ತಾಳಿದ ಪುಣ್ಯಸ್ಮರಣೆಯ ದಿನವದು. ಅಂದು ಗ್ರಂಥಭಂಡಾರದ ಬೀಗ ತೆರೆಯುತ್ತದೆ. ಹೊತ್ತಗೆಗಳ ಧೂಳು ಕೊಡವಿ, ಹಳೆಯ ವಸ್ತ್ರ ಕಳಚಿ, ಹೊಸ ವಸ್ತ್ರ ಸುತ್ತಿ, ಅಷ್ಟವಿಧಾರ್ಚನೆ ಮಾಡಿ, ಶ್ರುತದೇವಿಗೆ ಜಯಕಾರ ಹಾಕಲಾಗುತ್ತದೆ. ಸಂಜೆಯಾಗುತ್ತಲೇ ಹೊತ್ತಗೆಗಳು ಕಪಾಟಿಗೆ ಮರಳುತ್ತವೆ, ಬೀಗ ಬೀಳುತ್ತದೆ. ವರ್ಷದ ಉಳಿದ ದಿನಗಳಲ್ಲಿ ಆ ಬೀಗದ ಕೈ ಯಾರಲ್ಲಿರುತ್ತದೆ, ಓದಬೇಕೆಂದು ಬಂದವನಿಗೆ ಅದು ಎಷ್ಟು ದಿನಕ್ಕೆ ದೊರೆಯುತ್ತದೆ ಎಂಬ ಪ್ರಶ್ನೆಯನ್ನು ಯಾವ ಆಡಳಿತ ಮಂಡಳಿಯ ವಾರ್ಷಿಕ ಸಭೆಯಲ್ಲಿ ಕೇಳಲಾಗಿದೆ?

ಈ ಪ್ರಶ್ನೆಯನ್ನು ಎತ್ತುವ ಮುನ್ನ ಇನ್ನೊಂದು ಬಾಗಿಲಿನ ಕಡೆ ನೋಡುವುದು ನ್ಯಾಯ. ಅದು ಊರಿನ ಸಾರ್ವಜನಿಕ ಗ್ರಂಥಾಲಯದ ಬಾಗಿಲು.

ದೂರುಗಳು ಸುಳ್ಳಲ್ಲ

ಸಾರ್ವಜನಿಕ ಗ್ರಂಥಾಲಯದ ಹೆಸರೆತ್ತಿದೊಡನೆ ಸಮಾಜದ ಸುಶಿಕ್ಷಿತ ಕುಟುಂಬಗಳಲ್ಲಿ ಮುಖ ಸಿಂಡರಿಸುವವರೇ ಹೆಚ್ಚು. ಒಮ್ಮೆ ಹೋಗಿ ಬಂದವರು ಹೇಳುವ ಮಾತುಗಳು ಹೆಚ್ಚು ಕಡಿಮೆ ಎಲ್ಲ ಊರುಗಳಲ್ಲಿಯೂ ಒಂದೇ. ಮೆಟ್ಟಿಲು ಕಡಿದು, ವಯಸ್ಸಾದವರು ಹತ್ತಲಾರರು. ಕುಡಿಯುವ ನೀರಿಲ್ಲ. ಹೆಣ್ಣುಮಕ್ಕಳಿಗೆ ಶೌಚಾಲಯವಿಲ್ಲ. ದಿನಪತ್ರಿಕೆಯ ಮೇಜಿನ ಸುತ್ತ ಹೊತ್ತು ಕಳೆಯಲು ಬಂದವರ ಗುಂಪು. ಒಳಗಿನ ಕೊಠಡಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಮನೆಯಿಂದಲೇ ಪುಸ್ತಕ ತಂದು ಓದುವ ಯುವಕರು. ಕೇಳಿದ ಗ್ರಂಥ ದಾಖಲೆಯಲ್ಲಿದ್ದರೂ ಕಪಾಟಿನಲ್ಲಿ ಇರುವುದಿಲ್ಲ; ಕಪಾಟಿನಲ್ಲಿದ್ದರೆ ದಾಖಲೆಯಲ್ಲಿ ಇರುವುದಿಲ್ಲ. ಎಲ್ಲಕ್ಕೂ ಒಬ್ಬನೇ ಸಹಾಯಕ. ಅವನೂ ಖಾಯಂ ನೌಕರನಲ್ಲ.

ಈ ದೂರುಗಳು ಸುಳ್ಳಲ್ಲ. ಹಲವು ಊರುಗಳಲ್ಲಿ ಇದಕ್ಕಿಂತ ಶೋಚನೀಯವಾದ ಸ್ಥಿತಿಯಿದೆ. ಗ್ರಂಥಾಲಯವು ಸರ್ಕಾರದ ಕೃಪೆಯಿಂದ ನಡೆಯುವ ಧರ್ಮಛತ್ರವಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಮೇರೆಗೆ ಮನೆ, ಅಂಗಡಿ, ನಿವೇಶನಗಳ ತೆರಿಗೆಯೊಂದಿಗೆ ಗ್ರಂಥಾಲಯ ಕರವನ್ನೂ ವಸೂಲು ಮಾಡಲಾಗುತ್ತದೆ. ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆಯಂತೆ ಈ ಕರ ಸೇರುತ್ತದೆ. ಪೇಟೆಬೀದಿಯಲ್ಲಿ ಅಂಗಡಿ ಇಟ್ಟಿರುವ ಪ್ರತಿಯೊಬ್ಬ ಶ್ರಾವಕನೂ, ಸ್ವಂತ ಮನೆಯುಳ್ಳ ಪ್ರತಿಯೊಂದು ಕುಟುಂಬವೂ ಈ ಹಣವನ್ನು ವರ್ಷವರ್ಷವೂ ಕಟ್ಟುತ್ತಿದೆ. ಹೀಗೆ ಸಂಗ್ರಹವಾದ ಕರವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯ ಇಲಾಖೆಗೆ ಕಾಲಕಾಲಕ್ಕೆ ತಲುಪಿಸದೆ ಬಾಕಿ ಉಳಿಸಿಕೊಳ್ಳುವುದು ಹಲವು ವರ್ಷಗಳಿಂದ ಸಾರ್ವಜನಿಕ ಚರ್ಚೆಯಲ್ಲಿರುವ ಸಂಗತಿ. ಆದುದರಿಂದ ದೂರುವ ಹಕ್ಕು ಇದೆ. ಆದರೆ ಕರ ಕಟ್ಟುವವರಲ್ಲಿ ಎಷ್ಟು ಮಂದಿ ಆ ಗ್ರಂಥಾಲಯದ ಸದಸ್ಯರು? ದೂರನ್ನು ಲಿಖಿತವಾಗಿ ಸಲ್ಲಿಸಿದವರೆಷ್ಟು ಮಂದಿ? ಮೂಗು ಮುಚ್ಚಿಕೊಂಡು ಮೆಟ್ಟಿಲಿಳಿದು ಬರುವುದು ವಿಮರ್ಶೆಯಲ್ಲ, ಅದು ಉಪೇಕ್ಷೆ.

ಈ ಉಪೇಕ್ಷೆಯ ಬೆನ್ನಿಗೇ ಒಂದು ಹೆಮ್ಮೆಯ ಮಾತು ಬರುತ್ತದೆ: "ಸರ್ಕಾರದ್ದು ಹೇಗಾದರೂ ಇರಲಿ, ಬಸದಿಯಲ್ಲಿ ಸಮಾಜದ್ದೇ ಗ್ರಂಥಭಂಡಾರವಿದೆಯಲ್ಲ." ಆ ಹೆಮ್ಮೆಯನ್ನು ಪರೀಕ್ಷಿಸಿ ನೋಡಬೇಕಾದ ಕಾಲ ಬಂದಿದೆ.

ಎರಡು ಬಾಗಿಲುಗಳು

ಉತ್ತರ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರ. ಅಲ್ಲಿನ ನೇಕಾರ ಮನೆತನದ ಒಬ್ಬ ವಿದ್ಯಾರ್ಥಿನಿ ಕನ್ನಡದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದಳು. 'ವಡ್ಡಾರಾಧನೆ'ಯ ಸುಕುಮಾರಸ್ವಾಮಿಯ ಕಥೆಯನ್ನು ಕುರಿತು ಅವಳು ಪ್ರಬಂಧವೊಂದನ್ನು ಸಿದ್ಧಪಡಿಸಬೇಕಾಗಿತ್ತು. ಅವಳು ಜೈನಳಲ್ಲ. ಆದರೂ ಜೈನರ ಗ್ರಂಥ ಜೈನರ ಬಸದಿಯಲ್ಲಿ ಸಿಕ್ಕೇ ಸಿಗುವುದೆಂದು ನಂಬಿ ಮೊದಲು ಅಲ್ಲಿಗೇ ಹೋದಳು.

ಅರ್ಚಕರು ಸೌಜನ್ಯದಿಂದಲೇ ಮಾತನಾಡಿದರು. ಗ್ರಂಥವಿರುವುದು ನಿಜ, ಆದರೆ ಕಪಾಟಿನ ಕೀಲಿ ತಮ್ಮಲ್ಲಿಲ್ಲ, ಕಾರ್ಯದರ್ಶಿಗಳನ್ನು ಕೇಳಬೇಕು ಎಂದರು. ಕಾರ್ಯದರ್ಶಿಗಳು ತಮ್ಮ ಅಂಗಡಿಯಲ್ಲಿ ಕುಳಿತಿದ್ದರು. "ಯಾರ ಪೈಕಿ ನೀನು?" ಎಂಬುದು ಅವರ ಮೊದಲ ಪ್ರಶ್ನೆ. ಉತ್ತರ ಕೇಳಿದ ಮೇಲೆ, ಕೀಲಿ ಅಧ್ಯಕ್ಷರ ಬಳಿ ಇದೆ, ಅಧ್ಯಕ್ಷರು ಪರಸ್ಥಳದಲ್ಲಿದ್ದಾರೆ, ಸಮಾಜದವರು ಯಾರಾದರೂ ಬಂದು ಹೇಳಿದರೆ ನೋಡೋಣ ಎಂದರು. ಅವಳು ಮೂರು ಸಲ ಅಲೆದಳು. ಮೂರನೆಯ ಸಲ ಬಸದಿಯ ಪಕ್ಕದ ಕೋಣೆಯ ಕಿಟಕಿಯಿಂದ ನೋಡಿದಾಗ ಗಾಜಿನ ಬಾಗಿಲಿನ ಕಪಾಟಿನಲ್ಲಿ ಆ ಪುಸ್ತಕದ ಬೆನ್ನು ಕಾಣುತ್ತಿತ್ತು. ಕಪಾಟಿನ ನೆತ್ತಿಯ ಮೇಲೆ ದಾನಿಗಳ ಹೆಸರು ದೊಡ್ಡ ಅಕ್ಷರಗಳಲ್ಲಿತ್ತು.

ಕೊನೆಗೆ ಅವಳು ಸಾರ್ವಜನಿಕ ಗ್ರಂಥಾಲಯಕ್ಕೆ ಹೋದಳು. ಮೇಲೆ ಹೇಳಿದ ಕೊರತೆಗಳೆಲ್ಲ ಅಲ್ಲಿದ್ದವು. ದಾಖಲಾತಿ ಪುಸ್ತಕದಲ್ಲಿ 'ವಡ್ಡಾರಾಧನೆ'ಯ ಹೆಸರಿತ್ತು, ಜಾಗದ ಗುರುತಿರಲಿಲ್ಲ. ಅಲ್ಲಿನ ಸಹಾಯಕ ಸ್ಟೂಲು ಹತ್ತಿ ಮೇಲಿನ ಸಾಲುಗಳನ್ನು ಹುಡುಕಿದ, ಸಿಗಲಿಲ್ಲ. ನಾಳೆ ಬರಲು ಹೇಳಿದ. ಮರುದಿನ ಹಳೆಯ ಪರೀಕ್ಷಾ ಗೈಡುಗಳ ಅಡಿಯಿಂದ, ರಕ್ಷಾಪುಟ ಕಳಚಿದ ಒಂದು ಪ್ರತಿಯನ್ನು ಎತ್ತಿ ತೆಗೆದು, ಮೈಮೇಲಿನ ಧೂಳು ಒರೆಸಿ ಕೊಟ್ಟ. ಕಥೆಯ ಪುಟಗಳು ಪೂರ್ಣವಾಗಿದ್ದವು. ಕಿಟಕಿಯ ಬಳಿ ಬೆಳಕಿರುವೆಡೆ ಕುರ್ಚಿ ಎಳೆದಿಟ್ಟ. ಎರಡು ಮಧ್ಯಾಹ್ನ ಕುಳಿತು ಅವಳು ಓದಿದಳು. ಪುಸ್ತಕದಲ್ಲಿ ಹೆಸರು ಬರೆದು ರುಜು ಮಾಡಬೇಕಾಯಿತೇ ಹೊರತು, ಅವಳು ಯಾರ ಪೈಕಿ ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಶಾಸ್ತ್ರದಾನ ನಡೆದದ್ದು ಯಾವ ಕಟ್ಟಡದಲ್ಲಿ? ಅಮೃತಶಿಲೆಯ ನೆಲ ಹಾಸಿದ ಕಟ್ಟಡದಲ್ಲಿಯೋ, ಬಣ್ಣ ಕಿತ್ತುಬಂದ ಗೋಡೆಗಳ ಕಟ್ಟಡದಲ್ಲಿಯೋ? ಪುಣ್ಯದ ಪಾಲು ಯಾರದು? ಗಾಜಿನ ಕಪಾಟು ಕೊಡಿಸಿ ಹೆಸರು ಬರೆಸಿದವರದೋ, ಧೂಳಿನ ಕೈಗಳಿಂದ ಹೊತ್ತಗೆಯನ್ನು ಎತ್ತಿಕೊಟ್ಟ ಹಂಗಾಮಿ ನೌಕರನದೋ? ಜಿನಧರ್ಮದ ಅರಿವುಳ್ಳ ಯಾರಿಗೂ ಈ ಪ್ರಶ್ನೆಗೆ ಉತ್ತರ ಕಷ್ಟವಲ್ಲ. ಆ ಉತ್ತರವನ್ನು ಬಾಯಿಬಿಟ್ಟು ಹೇಳುವುದು ಮಾತ್ರ ಕಷ್ಟ.

ಶಾಸ್ತ್ರವೇನು ಹೇಳುತ್ತದೆ

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನ ನಾಲ್ಕು ವಿಧ. ಹಸಿದವನ ಎದುರು ಅನ್ನದ ಪಾತ್ರೆಯನ್ನಿಟ್ಟು ಮುಚ್ಚಳಕ್ಕೆ ಬೀಗ ಹಾಕಿದರೆ ಅದನ್ನು ಆಹಾರದಾನವೆಂದು ಯಾರೂ ಕರೆಯುವುದಿಲ್ಲ. ರೋಗಿಯ ಕಣ್ಣೆದುರು ಔಷಧವನ್ನು ಗಾಜಿನೊಳಗೆ ತೋರಿಸಿದರೆ ಅದು ಔಷಧದಾನವಾಗುವುದಿಲ್ಲ. ಶಾಸ್ತ್ರದ ವಿಷಯದಲ್ಲಿ ಮಾತ್ರ ಪುಸ್ತಕವನ್ನು ಕೊಂಡು, ಕಪಾಟಿನಲ್ಲಿಟ್ಟು, ದಾನಿಯ ಹೆಸರು ಬರೆದೊಡನೆ ದಾನ ಪೂರ್ಣವಾಯಿತೆಂದು ಭಾವಿಸುವುದು ಹೇಗೆ? ದಾನಕ್ಕೆ ಪಾತ್ರನೂ ಬೇಕಷ್ಟೆ. ಓದುಗನು ತಲುಪದ ಗ್ರಂಥ ದಾನವಲ್ಲ, ಪರಿಗ್ರಹ. ಅದು ಹೊನ್ನಿನ ಪರಿಗ್ರಹಕ್ಕಿಂತ ಸೂಕ್ಷ್ಮವಾದುದು. ಏಕೆಂದರೆ ಅದು ಧರ್ಮದ ವೇಷ ತೊಟ್ಟಿರುತ್ತದೆ.

ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಜ್ಞಾನಾವರಣೀಯ ಮತ್ತು ದರ್ಶನಾವರಣೀಯ ಕರ್ಮಗಳ ಆಸ್ರವಕ್ಕೆ ಕಾರಣಗಳನ್ನು ಹೇಳಿದೆ. ಅವು ಆರು. ಸಮಾಜದ ಮಕ್ಕಳು ಪಾಠಶಾಲೆಯಲ್ಲಿ ಬಾಯಿಪಾಠ ಮಾಡುವ ಈ ಆರು ಕಾರಣಗಳನ್ನು ಗ್ರಂಥಭಂಡಾರದ ಬಾಗಿಲಲ್ಲಿ ನಿಂತು ಒಮ್ಮೆ ನೆನೆದರೆ ಸಾಕು.

ಜ್ಞಾನದ ಪ್ರಶಂಸೆಯನ್ನು ಕೇಳಿದಾಗ ಒಳಗೊಳಗೇ ಕಹಿಯಾಗುವುದು ಪ್ರದೋಷ. ಅನ್ಯರ ಮಗಳೊಬ್ಬಳು ವಡ್ಡಾರಾಧನೆಯನ್ನು ಓದಬಯಸಿದಳೆಂದರೆ ಹರ್ಷವಾಗಬೇಕು. ಅದರ ಬದಲು ಸಂಶಯ ಹುಟ್ಟಿದರೆ ಅದು ಯಾವ ಭಾವ? ಇರುವುದನ್ನು ಇಲ್ಲವೆನ್ನುವುದು, ತಿಳಿದುದನ್ನು ತಿಳಿಯದೆನ್ನುವುದು ನಿಹ್ನವ. "ಕೀಲಿ ಇಲ್ಲ", "ಅಧ್ಯಕ್ಷರು ಊರಲ್ಲಿಲ್ಲ" ಎಂಬ ಮಾತುಗಳಲ್ಲಿ ಎಷ್ಟು ನಿಜ, ಎಷ್ಟು ನಿಹ್ನವ ಎಂಬುದನ್ನು ಹೇಳಿದವರ ಆತ್ಮವೇ ಬಲ್ಲುದು. ಕೊಡಲು ಶಕ್ತನಾಗಿದ್ದೂ ಇನ್ನೊಬ್ಬನು ತನಗೆ ಸಮನಾದಾನೆಂದು ಕೊಡದಿರುವುದು ಮಾತ್ಸರ್ಯ. ಓದುವವನ ಓದಿಗೆ ಅಡ್ಡಿ ಮಾಡುವುದು ಅಂತರಾಯ. ಮೂರು ಸಲ ಅಲೆಸುವುದಕ್ಕೆ ಇದಕ್ಕಿಂತ ಸರಿಯಾದ ಹೆಸರಿಲ್ಲ. ಜ್ಞಾನವನ್ನು ಪ್ರಕಾಶಪಡಿಸುವವನನ್ನು ಮಾತಿನಿಂದಲೋ ಕೈಸನ್ನೆಯಿಂದಲೋ ತಡೆಯುವುದು ಆಸಾದನ. ಸಮ್ಯಗ್ಜ್ಞಾನಕ್ಕೇ ದೋಷ ಹಚ್ಚಿ ಅದನ್ನು ಕೆಡಿಸುವುದು ಉಪಘಾತ.

ಈ ಆರರಲ್ಲಿ ಯಾವುದೂ ಗ್ರಂಥವನ್ನು ಸುಟ್ಟವರ ಅಥವಾ ಕದ್ದವರ ವಿಷಯಕ್ಕೆ ಸೀಮಿತವಾಗಿಲ್ಲ. ಜ್ಞಾನವನ್ನು ಕೈಯಲ್ಲಿಟ್ಟುಕೊಂಡವರು ಅದನ್ನು ಹೇಗೆ ನಡೆಸಿಕೊಳ್ಳುತ್ತಾರೆ, ಬಯಸಿ ಬಂದವರನ್ನು ಹೇಗೆ ಕಾಣುತ್ತಾರೆ ಎಂಬುದೇ ಇಲ್ಲಿನ ಒರೆಗಲ್ಲು. ಹಾಗಾದರೆ ಗ್ರಂಥಭಂಡಾರದ ಟ್ರಸ್ಟಿಯ ಸ್ಥಾನ ಗೌರವದ ಸ್ಥಾನವಷ್ಟೇ ಅಲ್ಲ, ಅಪಾಯದ ಸ್ಥಾನವೂ ಹೌದು. ಒಂದು ಬೀಗದಿಂದ ಪುಸ್ತಕವೂ ಬಂಧಿತವಾಗುತ್ತದೆ, ಬೀಗ ಹಾಕಿದವನೂ ಬಂಧಿತನಾಗುತ್ತಾನೆ.

ಸಮವಸರಣದ ಕಲ್ಪನೆಯನ್ನೂ ಇಲ್ಲಿ ಸ್ಮರಿಸಬೇಕು. ಅಲ್ಲಿ ಹನ್ನೆರಡು ಸಭೆಗಳು. ಮುನಿಗಳಿಂದ ಮೊದಲ್ಗೊಂಡು ಪಶುಪಕ್ಷಿಗಳವರೆಗೆ ಎಲ್ಲರಿಗೂ ಸ್ಥಾನ. ದಿವ್ಯಧ್ವನಿಯನ್ನು ಕೇಳಬಂದವರನ್ನು ಯಾರ ಪೈಕಿ ಎಂದು ತಡೆದ ದ್ವಾರಪಾಲನ ಕಥೆ ಯಾವ ಪುರಾಣದಲ್ಲಿಯೂ ಇಲ್ಲ. ಸಿಂಹ ಮತ್ತು ಹಸುಗಳು ಒಟ್ಟಿಗೆ ಕುಳಿತ ಸಭೆಯ ಚಿತ್ರವನ್ನು ಬಸದಿಯ ಗೋಡೆಯ ಮೇಲೆ ಬರೆಯಿಸಿ, ಅದೇ ಗೋಡೆಯ ಪಕ್ಕದ ಕೋಣೆಯಲ್ಲಿ ನೇಕಾರರ ಮಗಳಿಗೆ ಸ್ಥಳವಿಲ್ಲವೆಂದರೆ ಆ ಚಿತ್ರಕ್ಕೆ ಅರ್ಥವೇನು?

ಇತಿಹಾಸದ ಪಾಠ

ಕಾಪಾಡುವುದು ಬೇರೆ, ಬಂಧಿಸುವುದು ಬೇರೆ. ಈ ಭೇದವನ್ನು ಕಲಿಸಲು ಮೂಡಬಿದಿರೆಯ ಇತಿಹಾಸವೊಂದೇ ಸಾಕು. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆ, ವೀರಸೇನ-ಜಿನಸೇನರ ಜಯಧವಲಾ, ಭೂತಬಲಿ ಆಚಾರ್ಯರ ಮಹಾಬಂಧ ಇವು ತಾಳೆಗರಿಗಳಲ್ಲಿ, ಹಳಗನ್ನಡ ಲಿಪಿಯಲ್ಲಿ, ಅಲ್ಲಿನ ಸಿದ್ಧಾಂತ ಬಸದಿಯಲ್ಲಿ ಉಳಿದು ಬಂದವು. ಅಲ್ಲಿನ ಭಟ್ಟಾರಕರೂ ಶ್ರಾವಕರೂ ಶತಮಾನಗಳ ಕಾಲ ಕಣ್ಣಲ್ಲಿ ಕಣ್ಣಿಟ್ಟು ಕಾಯದಿದ್ದರೆ ಜೈನ ಸಿದ್ಧಾಂತದ ಮೂಲಗ್ರಂಥವೇ ಅಳಿದುಹೋಗುತ್ತಿತ್ತು. ಆ ಋಣವನ್ನು ಮರೆಯಲಾಗದು. ಆದರೆ ಬಹುಕಾಲ ಆ ಗ್ರಂಥಗಳಿಗೆ ದೊರೆತದ್ದು ದರ್ಶನಾರ್ಥಿಗಳೇ ಹೊರತು ಓದುಗರಲ್ಲ. ದೂರದೂರದಿಂದ ಯಾತ್ರಿಕರು ಬಂದು, ಗರಿಗಳಿಗೆ ಕೈಮುಗಿದು, ಕಾಣಿಕೆ ಸಲ್ಲಿಸಿ ಹಿಂತಿರುಗುತ್ತಿದ್ದರು. 19ನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಯಿತು. 1939ರಲ್ಲಿ ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲಾದ ಮೊದಲ ಸಂಪುಟ ಅಚ್ಚಾಯಿತು. ಮುಂದೆ ಒಟ್ಟು 16 ಸಂಪುಟಗಳು ಬಂದವು. ಅಚ್ಚಾದುದರಿಂದ ಗ್ರಂಥದ ಪಾವಿತ್ರ್ಯ ಕುಂದಿತೆ? ಮೂಡಬಿದಿರೆಯ ಮಹಿಮೆ ಕಡಿಮೆಯಾಯಿತೆ? ಇಂದು ಶ್ರುತಪಂಚಮಿಯಂದು ಪೂಜೆಗೊಳ್ಳುವ ಷಟ್ಖಂಡಾಗಮದ ಪ್ರತಿ ಬಹುತೇಕ ಬಸದಿಗಳಲ್ಲಿ ಅಚ್ಚಿನ ಪ್ರತಿಯೇ ಎಂಬುದನ್ನು ಬೀಗದ ಪಕ್ಷಪಾತಿಗಳು ಗಮನಿಸಬೇಕು.

ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರನ್ನು ಎತ್ತದ ಜೈನ ಸಮ್ಮೇಳನವಿಲ್ಲ. 993ರಲ್ಲಿ ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದ ಆ ಮಹಾತಾಯಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಮುದ್ರಣಯಂತ್ರವಿಲ್ಲದ ಕಾಲದಲ್ಲಿ ಒಂದೊಂದು ಗರಿಯನ್ನೂ ಕಂಠದಿಂದ ಕೊರೆಯಿಸಿ ಸಿದ್ಧಗೊಳಿಸಿದ ಸಾವಿರ ಪ್ರತಿಗಳವು. ಅವನ್ನೆಲ್ಲ ಒಂದೇ ಕೋಣೆಯಲ್ಲಿಟ್ಟು, ಬೀಗ ಹಾಕಿ, ಬಾಗಿಲ ಮೇಲೆ ತನ್ನ ಹೆಸರು ಕೆತ್ತಿಸಿದ್ದರೆ ಆಕೆ ದಾನಚಿಂತಾಮಣಿ ಎನಿಸುತ್ತಿದ್ದಳೆ? ಆಕೆಯ ಭಾವಚಿತ್ರಕ್ಕೆ ಹಾರ ಹಾಕುವವರು ಆಕೆಯ ಕೆಲಸಕ್ಕೆ ಬೆನ್ನು ತೋರಿಸುತ್ತಿದ್ದಾರೆ.

ಸಾರ್ವಜನಿಕ ಸಂಸ್ಥೆಯ ಕೈಗೆ ಒಪ್ಪಿಸಿದ ಒಂದು ಕಟ್ಟು ಗರಿ ಏನಾಗಬಲ್ಲುದು ಎಂಬುದಕ್ಕೂ ಈ ನಾಡಿನಲ್ಲೇ ನಿದರ್ಶನವಿದೆ. 1905ರಲ್ಲಿ ತಂಜಾವೂರಿನ ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಂದು ತಾಳೆಗರಿ ಹಸ್ತಪ್ರತಿಯನ್ನು ಒಪ್ಪಿಸಿದರು. ಅಲ್ಲಿನ ಗ್ರಂಥಪಾಲಕರಾಗಿದ್ದ ಆರ್. ಶಾಮಾಶಾಸ್ತ್ರಿಗಳು ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಗ್ರಂಥವನ್ನು ಕೊಟ್ಟವರು ಕಳೆದುಕೊಂಡದ್ದೇನೂ ಇಲ್ಲ; ಜಗತ್ತು ಪಡೆದುಕೊಂಡಿತು. ಜೈನ ಸಮಾಜದಲ್ಲಿಯೂ ಇಂಥ ವಿಶಾಲದೃಷ್ಟಿ ಇಲ್ಲದಿರಲಿಲ್ಲ. ಬಿಹಾರದ ಆರಾ ಪಟ್ಟಣದಲ್ಲಿ 1903ರಲ್ಲಿ ಜೈನ ಸಿದ್ಧಾಂತ ಭವನ ಸ್ಥಾಪಿತವಾಯಿತು. ಅಲ್ಲಿ ಸೇವೆ ಸಲ್ಲಿಸಿದ ವಿದ್ವಾಂಸ ಕೆ. ಭುಜಬಲಿ ಶಾಸ್ತ್ರಿಗಳು ಮೂಡಬಿದಿರೆ, ಕಾರ್ಕಳ ಮೊದಲಾದ ಕಡೆಯ ಭಂಡಾರಗಳ ತಾಡಪತ್ರ ಗ್ರಂಥಗಳ ಸೂಚಿಯನ್ನು ಸಿದ್ಧಪಡಿಸಿದರು. ಭಾರತೀಯ ಜ್ಞಾನಪೀಠ ಅದನ್ನು 1948ರಲ್ಲಿ ಪ್ರಕಟಿಸಿತು. ಯಾವ ಗ್ರಂಥ ಎಲ್ಲಿದೆ ಎಂಬ ಪಟ್ಟಿ ಇಲ್ಲದೆ ಓದುಗನ ದಾರಿಯೇ ಆರಂಭವಾಗುವುದಿಲ್ಲ. ತಮ್ಮ ಕಪಾಟಿನಲ್ಲಿರುವ ಅಚ್ಚಿನ ಪುಸ್ತಕಗಳ ಸರಳ ಪಟ್ಟಿಯನ್ನಾದರೂ ಮಾಡಿಸಿರುವ ಊರಿನ ಬಸದಿಗಳು ಇಂದು ಎಷ್ಟಿವೆ?

ಆಕ್ಷೇಪಗಳಿಗೆ ಉತ್ತರ

ಪುಸ್ತಕಗಳು ಕಳುವಾಗುತ್ತವೆ ಎಂಬುದು ಮೊದಲ ಆಕ್ಷೇಪ. ಕೆಲವು ಕಳುವಾಗಬಹುದು. ಆದರೆ ಬೀಗದೊಳಗೆ ಗೆದ್ದಲಿಗೂ ಬೆಳ್ಳಿಹುಳುವಿಗೂ ಆಹಾರವಾಗುವ ಪುಸ್ತಕಗಳ ಲೆಕ್ಕವನ್ನು ಯಾರು ಇಟ್ಟಿದ್ದಾರೆ? ಕದ್ದೊಯ್ದ ಪುಸ್ತಕವನ್ನು ಕದ್ದವನಾದರೂ ಓದಿಯಾನು. ಗಾಳಿ ಬೆಳಕು ಕಾಣದೆ ಮುಚ್ಚಿಟ್ಟ ಪುಸ್ತಕಕ್ಕೆ ಹುಳು ಹಿಡಿದ ಮೇಲೆ ವಿಷದ ಮದ್ದು ಸಿಂಪಡಿಸಬೇಕಾಗುತ್ತದೆ. ಆಗ ಆಗುವ ಜೀವಹಿಂಸೆಗೆ ಹೊಣೆ ಯಾರು? ಆಗಾಗ ಕೈಗೆತ್ತಿಕೊಂಡು, ಪುಟ ತಿರುಗಿಸಿ, ಗಾಳಿಯಾಡಿಸುವುದು ಪುಸ್ತಕದ ರಕ್ಷಣೆಯ ಅಹಿಂಸಾತ್ಮಕ ಮಾರ್ಗ. ಓದುಗನು ಪುಸ್ತಕದ ಶತ್ರುವಲ್ಲ, ಕಾವಲುಗಾರ.

ಎರಡನೆಯದು ಶುದ್ಧಿಯ ಪ್ರಶ್ನೆ. ಪೂಜೆಗೊಳ್ಳುವ ಆಗಮಪ್ರತಿಗಳಿಗೆ, ಪುರಾತನ ತಾಳೆಗರಿಗಳಿಗೆ ವಿಶೇಷ ನಿಯಮಗಳಿರಲಿ; ಇರಲೇಬೇಕು. ಕೈಕಾಲು ತೊಳೆದು, ಚರ್ಮದ ವಸ್ತುಗಳನ್ನು ಹೊರಗಿಟ್ಟು ಬರಬೇಕೆಂದರೆ ಓದಲು ಬಂದ ಯಾರೂ ತಕರಾರು ಮಾಡುವುದಿಲ್ಲ. ವಿನಯವನ್ನು ಕಲಿಸುವುದು ಧರ್ಮ. ಆದರೆ ಅಂಗಡಿಯಲ್ಲಿ ಹಣ ಕೊಟ್ಟು ಯಾರು ಬೇಕಾದರೂ ಕೊಳ್ಳಬಹುದಾದ ಅಚ್ಚಿನ ಪುಸ್ತಕ ಬಸದಿಯ ಕಪಾಟಿಗೆ ಬಂದೊಡನೆ ಮುಟ್ಟಬಾರದ್ದಾಗುವುದು ಯಾವ ನ್ಯಾಯ?

ಮೂರನೆಯದು ಈ ಕಾಲದ ಆಕ್ಷೇಪ: ಈಗ ಎಲ್ಲವೂ ಮೊಬೈಲಿನಲ್ಲಿದೆ, ಗ್ರಂಥಾಲಯವೇಕೆ? ಎಲ್ಲವೂ ಮೊಬೈಲಿನಲ್ಲಿಲ್ಲ. ಸಮಾಜದ ಹಳೆಯ ಪ್ರಕಟಣೆಗಳು, ಊರ ಬಸದಿಯ ಶಾಸನಪಾಠಗಳು, ನಿಂತುಹೋದ ಮಾಸಪತ್ರಿಕೆಗಳು ಯಾರೂ ಪಟ್ಟಿ ಮಾಡದ ಕಪಾಟುಗಳಲ್ಲೇ ಇವೆ. ಅವನ್ನು ಚಿತ್ರೀಕರಿಸಿ ಎಲ್ಲರಿಗೂ ಒದಗಿಸಬೇಕೆಂದರೂ ಮೊದಲು ಬೀಗ ತೆರೆಯಲೇಬೇಕಲ್ಲವೆ? ಅದೂ ಅಲ್ಲದೆ ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ ಎಂದು ಸ್ವಾಧ್ಯಾಯಕ್ಕೆ ಐದು ಅಂಗಗಳು. ಕೇಳಿ ತಿಳಿಯುವುದಕ್ಕೆ ಎದುರಿಗೊಬ್ಬ ಮನುಷ್ಯ ಬೇಕು. ಚಿಂತಿಸುವುದಕ್ಕೆ ಸದ್ದಿಲ್ಲದ ಒಂದು ತಾವು ಬೇಕು. ಎರಡು ಕೋಣೆಯ ಮನೆಯಲ್ಲಿ ಆರು ಮಂದಿ ಇರುವ ಕುಟುಂಬದ ಹುಡುಗನಿಗೆ ಆ ತಾವು ಸಿಗುವುದು ಸಾರ್ವಜನಿಕ ಗ್ರಂಥಾಲಯದಲ್ಲಿ ಮಾತ್ರ. ಅಲ್ಲಿ ಪರೀಕ್ಷೆಯ ಗೈಡನ್ನು ಓದುತ್ತಿರುವ ಯುವಕನನ್ನು ಕಂಡು ನಗುವವರು ಅವನಿಗೆ ಬೇರೆ ಕಡೆ ಒಂದು ದೀಪ, ಒಂದು ಕುರ್ಚಿ ಇದೆಯೇ ಎಂದು ಕೇಳಿದ್ದಾರೆಯೆ?

ನಾಲ್ಕನೆಯದು ಸರ್ಕಾರದ ಕೆಲಸ ಸರ್ಕಾರಕ್ಕಿರಲಿ ಎಂಬ ವಾದ. ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕವಿರುವುದು ಬಳಕೆಗೆ ಎಂಬ ತತ್ತ್ವ. ಓದುಗನ ಕಾಲವನ್ನು ಉಳಿಸಬೇಕೆಂಬುದು ನಾಲ್ಕನೆಯದು. ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಆ ಮಹನೀಯರ ಸೂತ್ರಗಳು ಸರ್ಕಾರಿ ಕಟ್ಟಡಗಳಿಗೆ ಮಾತ್ರ ಅನ್ವಯಿಸುವುವಲ್ಲ. ಸರ್ಕಾರಿ ಗ್ರಂಥಾಲಯ ಅವುಗಳಲ್ಲಿ ಎಡವುತ್ತಿರುವುದು ಹಣ ಮತ್ತು ಸಿಬ್ಬಂದಿಯ ಕೊರತೆಯಿಂದ. ಬಸದಿಯ ಭಂಡಾರ ಎಡವುತ್ತಿರುವುದು ಮನಸ್ಸಿನ ಕೊರತೆಯಿಂದ. ಪಂಚಕಲ್ಯಾಣ ಮಹೋತ್ಸವದ ಒಂದು ಸವಾಲಿನಲ್ಲಿ ಸೇರುವ ಮೊತ್ತದ ಸಣ್ಣ ಪಾಲು ಒಬ್ಬ ಗ್ರಂಥಪಾಲಕನ ವರ್ಷದ ವೇತನಕ್ಕೆ ಸಾಕು ಎಂಬುದನ್ನು ಲೆಕ್ಕಪತ್ರ ನೋಡುವ ಟ್ರಸ್ಟಿಗಳೇ ಬಲ್ಲರು.

ಆಗಬೇಕಾದದ್ದು

ಮೊದಲು ಸಮಾಜದ ಸ್ವಂತ ಬಾಗಿಲು ತೆರೆಯಲಿ. ಪ್ರತಿಯೊಂದು ಬಸದಿಯ ಗ್ರಂಥಭಂಡಾರದ ಪಟ್ಟಿ ಸಿದ್ಧವಾಗಿ ಹೊರಗಿನ ಫಲಕದಲ್ಲಿ ತೂಗಲಿ. ದಿನಕ್ಕೆ ಎರಡು ಗಂಟೆಯಾದರೂ ನಿಗದಿತ ವೇಳೆಯಲ್ಲಿ ಕೊಠಡಿ ತೆರೆದಿರಲಿ. ಕೀಲಿ ಅಧ್ಯಕ್ಷರ ಮನೆಯಲ್ಲಿರದೆ ಬಸದಿಯಲ್ಲಿಯೇ, ಹೊಣೆ ಹೊತ್ತ ಒಬ್ಬ ವ್ಯಕ್ತಿಯ ಕೈಯಲ್ಲಿರಲಿ. ಒಂದು ಮೇಜು, ನಾಲ್ಕು ಕುರ್ಚಿ, ಕುಡಿಯಲು ಸೋಸಿದ ನೀರು, ಒಂದು ದಾಖಲಾತಿ ಪುಸ್ತಕ ಇಷ್ಟಿದ್ದರೆ ಸಾಕು. ಬಂದವರ ಹೆಸರು ಮತ್ತು ಬೇಕಾದ ಗ್ರಂಥದ ಹೆಸರು ಬರೆದುಕೊಳ್ಳಲಿ. ಜಾತಿ, ಮತ, ಪಂಥಗಳ ಪ್ರಶ್ನೆ ಬೇಡ. ತಾಳೆಗರಿಗಳಿರುವೆಡೆ ತಜ್ಞರ ನೆರವು ಪಡೆದು ಅವುಗಳ ಚಿತ್ರೀಕರಣವಾಗಲಿ. ಹಸ್ತಪ್ರತಿಗಳ ರಕ್ಷಣೆಗಾಗಿ ಕೇಂದ್ರ ಸರ್ಕಾರ 2003ರಲ್ಲಿಯೇ ರಾಷ್ಟ್ರೀಯ ಹಸ್ತಪ್ರತಿ ಮಿಷನ್ ಆರಂಭಿಸಿತ್ತು. ಇಷ್ಟು ವರ್ಷಗಳಾದರೂ ಎಷ್ಟೋ ಭಂಡಾರಗಳು ಯಾರನ್ನೂ ಒಳಗೆ ಬಿಟ್ಟುಕೊಂಡಿಲ್ಲ ಎಂಬುದು ಯಾರ ದೋಷ?

ಎರಡನೆಯದಾಗಿ, ಊರಿನ ಸಾರ್ವಜನಿಕ ಗ್ರಂಥಾಲಯವನ್ನು ಪರರ ವಸ್ತುವೆಂದು ಕಾಣುವ ದೃಷ್ಟಿ ಹೋಗಲಿ. ಪ್ರತಿಯೊಂದು ಜೈನ ಕುಟುಂಬವೂ ಅದರ ಸದಸ್ಯತ್ವ ಪಡೆಯಲಿ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಲ್ಲಿ 2020ರ 'ಓದುವ ಬೆಳಕು' ಕಾರ್ಯಕ್ರಮದ ಮೂಲಕ ಮಕ್ಕಳಿಗೆ ಉಚಿತ ಸದಸ್ಯತ್ವದ ಅವಕಾಶವಾಯಿತು. ಹಳ್ಳಿಯಲ್ಲಿರುವ ಶ್ರಾವಕರ ಮಕ್ಕಳೂ ಉಳಿದ ಮಕ್ಕಳೊಡನೆ ಅಲ್ಲಿ ಕುಳಿತು ಓದಲಿ. ವಸೂಲಾದ ಗ್ರಂಥಾಲಯ ಕರ ಎಷ್ಟು, ಇಲಾಖೆಗೆ ಸಂದದ್ದೆಷ್ಟು ಎಂದು ಟ್ರಸ್ಟುಗಳು ತಮ್ಮ ಲೆಟರ್‌ಹೆಡ್ಡಿನಲ್ಲಿ ಪುರಸಭೆಯನ್ನು ಕೇಳಲಿ. ಬಸದಿಯ ಶಿಖರಕ್ಕೆ ಕಳಸ ಮಾಡಿಸುವ ದಾನಿಗಳಲ್ಲಿ ಒಬ್ಬರಾದರೂ ಗ್ರಂಥಾಲಯದ ಮೆಟ್ಟಿಲಿಗೆ ಕೈಹಿಡಿ ಹಾಕಿಸಲಿ. ಒಬ್ಬರಾದರೂ ಹೆಣ್ಣುಮಕ್ಕಳ ಶೌಚಾಲಯ ಕಟ್ಟಿಸಿಕೊಡಲಿ. ಅದರ ಗೋಡೆಯ ಮೇಲೆ ಹೆಸರು ಬರೆಸಲು ಮನಸ್ಸಾಗದಿದ್ದರೆ ಇನ್ನೂ ಒಳ್ಳೆಯದು. ಹೆಸರಿಲ್ಲದ ದಾನವೇ ಉತ್ತಮ ತ್ಯಾಗ.

ಪುಸ್ತಕ ಕೊಡುವಾಗಲೂ ವಿವೇಕವಿರಲಿ. ಮನೆಯಲ್ಲಿ ಬೇಡವಾದ ಸ್ಮರಣಸಂಚಿಕೆಗಳನ್ನೂ, ಉಳಿದುಹೋದ ಅಭಿನಂದನ ಗ್ರಂಥಗಳನ್ನೂ ಗ್ರಂಥಾಲಯಕ್ಕೆ ಹೊರಿಸಿ ಶಾಸ್ತ್ರದಾನವೆನ್ನುವುದು ಹಳಸಿದ ಅನ್ನವನ್ನು ಭಿಕ್ಷುಕನಿಗೆ ಹಾಕಿ ಪುಣ್ಯ ಎಣಿಸಿದಂತೆ. ಓದುಗರು ಏನು ಕೇಳುತ್ತಿದ್ದಾರೆಂದು ಗ್ರಂಥಪಾಲಕರನ್ನು ವಿಚಾರಿಸಿ, ಅದನ್ನೇ ಕೊಂಡು ಕೊಡುವುದು ದಾನ.

ಮುಂದಿನ ಶ್ರುತಪಂಚಮಿಯಂದು ಪೂಜೆ ಎಂದಿನಂತೆ ನಡೆಯಲಿ. ಊರ ಗ್ರಂಥಾಲಯದ ಸಹಾಯಕನನ್ನು ಅಂದು ಬಸದಿಗೆ ಕರೆದು ಸನ್ಮಾನಿಸಲಿ. ಅವನು ನಿತ್ಯ ಮಾಡುತ್ತಿರುವುದು ಶ್ರುತದೇವಿಯ ಸೇವೆಯೇ. ಸಂಜೆ ಹೊತ್ತಗೆಗಳು ಕಪಾಟಿಗೆ ಮರಳಿದ ಮೇಲೆ ಬೀಗವನ್ನು ಮಾತ್ರ ಮತ್ತೆ ಹಾಕದಿರಲಿ. ಮರುದಿನ ನೇಕಾರರ ಮಗಳೊಬ್ಬಳು ಬಾಗಿಲಿಗೆ ಬಂದರೆ, ಯಾರ ಪೈಕಿ ಎಂದು ಕೇಳುವ ಬದಲು ಯಾವ ಪುಸ್ತಕ ಬೇಕಮ್ಮ ಎಂದು ಕೇಳುವವರೊಬ್ಬರು ಅಲ್ಲಿರಲಿ. ಆ ಒಂದು ಮಾತಿನಿಂದ ಆರಂಭವಾಗುವುದೇ ಶಾಸ್ತ್ರದಾನ.